ಸಮ್ಮಿಗೆ ಬರುವ ದಾರಿ: ಗೇಮ್ ಕಟ್ಟುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಬಹಿರಂಗ ಪತ್ರ

ಬೆಳವಣಕಿ,
ರೋಣ ತಾಲೂಕು, ಗದಗ ಜಿಲ್ಲೆ

ಬೆಂಗಳೂರು, ಹುಬ್ಬಳ್ಳಿ ಮತ್ತು ಇನ್ನೂ ದೂರದ ಊರುಗಳಲ್ಲಿ ಕೂತು ವಿಡಿಯೊ ಗೇಮ್ ಕಟ್ಟುತ್ತಿರುವ ಕನ್ನಡದ ತಮ್ಮ ತಂಗಿಯರಿಗೆ,



ನೇರವಾಗಿ ವಿಷಯಕ್ಕೆ ಬರುತ್ತೇನೆ. ಹಾಡೊಂದನ್ನು ಕೊಟ್ಟರೆ ಅದನ್ನು ಕೇಳಿ ತನ್ನ ಲೆವೆಲ್ಲುಗಳನ್ನು ತಾನೇ ಕಟ್ಟಿಕೊಳ್ಳುವ ಗೇಮುಗಳನ್ನು ನಿಮ್ಮಲ್ಲಿ ಕೆಲವರು ಮಾಡುತ್ತಿದ್ದೀರಿ, ಕೆಲವರು ಮಾಡುವ ಕನಸಿಟ್ಟುಕೊಂಡಿದ್ದೀರಿ. ಹಾಗೆ ಮಾಡುವಾಗ ಹಾಡಿನ ಸದ್ದನ್ನಷ್ಟೇ ಅಳೆದು ಬಿಟ್ಟುಬಿಡಬೇಡಿ. ಅದರ ತಾಳದ ಆವರ್ತನ, ರಾಗದ ನಡೆ ಎರಡೂ ನಿಮ್ಮ ಕೋಡಿಗೆ ಕೇಳಿಸಲಿ ಎಂಬುದು ನನ್ನ ವಿನಂತಿ. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ, ಹೇಗೆ ಮಾಡಬಹುದೆಂದು ನನಗೆ ತೋಚಿದೆ, ಅದಕ್ಕೆ ನಮ್ಮ ಕಡೆಯವರು ಏನು ಕೊಡಬಲ್ಲೆವು ಎನ್ನುವುದನ್ನೆಲ್ಲ ಬರೆಯುತ್ತೇನೆ. ಸ್ವಲ್ಪ ಉದ್ದವಾದೀತು, ಸಹಿಸಿಕೊಳ್ಳಿ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ತಬಲಾ ಚಿಕ್ಕಂದಿನಿಂದ ಹತ್ತಿದ ಚಟ. ಶ್ರಾವಣ ಬಂತೆಂದರೆ ಗುಡಿಯ ಭಜನೆಗೆ ಈಗಲೂ ನಾನೇ ಕೂಡುತ್ತೇನೆ. ಗೇಮ್ ಎಂಬ ಮಾತಿಗೆ ನಮ್ಮ ಊರುಗಳಲ್ಲಿ ಒಳ್ಳೆಯ ಹೆಸರಿಲ್ಲ. ಮೊಬೈಲಿನಲ್ಲಿ ರಮ್ಮಿ ಆಡಿ ಕಡಲೆ ಮಾರಿದ ದುಡ್ಡು ಕಳೆದುಕೊಂಡವರ ಕತೆಗಳು ಎಲ್ಲ ಕಡೆ ಇರುವಂತೆ ಇಲ್ಲೂ ಇವೆ. 2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿದಾಗ ಕಟ್ಟೆಯ ಮೇಲೆ ಕೂತವರು "ಛಲೋ ಆತು ಬಿಡ್ರಿ" ಅಂದರು. ನಾನೂ ಅಂದೆ. ಅಂಥವನು ಗೇಮ್ ಕಟ್ಟುವವರಿಗೆ ಪ್ರೀತಿಯಿಂದ ಪತ್ರ ಬರೆಯಲು ಕೂತಿದ್ದೇನೆ ಎಂದರೆ ಅದಕ್ಕೆ ನಮ್ಮಣ್ಣನ ಮಗ ಕಾರಣ.

ಅವನು ಬೆಂಗಳೂರಿನಲ್ಲಿ ಕೋಡ್ ಬರೆಯುವ ಕೆಲಸದಲ್ಲಿದ್ದಾನೆ. ಗೆಳೆಯರ ಜೊತೆ ಸೇರಿ ರಾತ್ರಿ ಹೊತ್ತು ಒಂದು ಗೇಮ್ ಕಟ್ಟುತ್ತಿದ್ದಾನೆ. ಪಂಚಮಿಗೆ ಊರಿಗೆ ಬಂದಾಗ ಲ್ಯಾಪ್‌ಟಾಪ್ ತೆರೆದು, "ಕಾಕಾ, ನಿಮಗ ಬೇಕಾದ ಹಾಡ ಹಾಕ್ರಿ. ಆ ಹಾಡ ದಾರಿ ಮಾಡತೈತಿ, ನೋಡ್ರಿ" ಅಂದ. ಮೊದಲು ಅವನೇ ಒಂದು ಸಿನಿಮಾ ಹಾಡು ಹಾಕಿದ. ಪರದೆಯ ಮೇಲೆ ಸಣ್ಣ ಗಾಡಿಯೊಂದು ಓಡತೊಡಗಿತು. ಡ್ರಮ್ಮಿನ ಪೆಟ್ಟು ಬಿದ್ದಲ್ಲೆಲ್ಲ ಒಂದು ಅಡ್ಡಿ, ಪಲ್ಲವಿ ಬಂದಾಗ ಇಳಿಜಾರು, ಹಾಡು ಮೆತ್ತಗಾದಲ್ಲಿ ಏರು. ನನಗೂ ಖುಷಿಯಾಯಿತು. ಆಮೇಲೆ ನಾನು ಭೀಮಸೇನ ಜೋಶಿಯವರ ಒಂದು ವಿಲಂಬಿತ ಖಯಾಲ್ ಹಾಕಿಸಿದೆ. ಗಾಡಿ ಬಟಾಬಯಲಿನಲ್ಲಿ ಸುಮ್ಮನೆ ಹೊರಟಿತು. ಅಡ್ಡಿಗಳು ಎಲ್ಲೆಲ್ಲೋ ಬಿದ್ದವು. ಹಾರ್ಮೋನಿಯಂ ತುಸು ಜೋರಾದಲ್ಲಿ ಒಂದು, ಸಭೆಯಲ್ಲಿ ಯಾರೋ ಕೆಮ್ಮಿದಲ್ಲಿ ಒಂದು. ಜೋಶಿಯವರು ತಾರ ಷಡ್ಜದಿಂದ ಮೀಂಡಿನಲ್ಲಿ ಜಾರಿ ಇಳಿಯುವಾಗ, ಕೇಳುವವರ ಮೈ ಜುಮ್ಮೆನ್ನುವ ಆ ಜಾಗದಲ್ಲಿ, ದಾರಿ ಚಪ್ಪಟೆಯಾಗಿಯೇ ಇತ್ತು. ಹುಡುಗ ತಲೆ ಕೆರೆದುಕೊಂಡ. "ಇದಕ್ಕ ಬೀಟ್ ಸಿಗವಲ್ದು ಕಾಕಾ." ಬೀಟ್ ಐತಿ, ನಿನ್ನ ಮಷಿನ್ನು ಹುಡುಕಬೇಕಾದ ಕಡೆ ಹುಡುಕವಲ್ದು ಅಂದೆ. ಅವತ್ತು ಶುರುವಾದ ಮಾತು ಫೋನಿನಲ್ಲಿ ಇನ್ನೂ ನಡೆದಿದೆ. ಈ ಪತ್ರವೂ ಅದರದೇ ಮುಂದುವರಿಕೆ.

ಈ ಬಗೆಯ ಗೇಮುಗಳ ಹಿಂದೆ ಎರಡು ಕತೆಗಳಿವೆ ಎಂದು ಅವನಿಂದಲೂ ಓದಿನಿಂದಲೂ ತಿಳಿದುಕೊಂಡೆ. ನಿಮಗೆ ಗೊತ್ತಿರುವುದನ್ನೇ ಹೇಳುತ್ತಿದ್ದರೆ ಮುಂದೆ ಹೋಗಿ. ಮೊದಲನೆಯದು, ಲೆವೆಲ್ಲನ್ನು ಮನುಷ್ಯ ಕೈಯಾರೆ ಬಿಡಿಸದೆ, ನಿಯಮ ಕೊಟ್ಟು ಯಂತ್ರದಿಂದ ಕಟ್ಟಿಸುವ ಜಾಣ್ಮೆ. 1980ರ 'ರೋಗ್' ಎಂಬ ಗೇಮ್ ಪ್ರತಿ ಸಲ ಆಡಿದಾಗಲೂ ಹೊಸ ನೆಲಮಾಳಿಗೆ ಕಟ್ಟಿಕೊಡುತ್ತಿತ್ತು. 1984ರ 'ಎಲೀಟ್' ಎಂಟು ಗ್ಯಾಲಕ್ಸಿಗಳನ್ನು, ಒಂದೊಂದರಲ್ಲೂ 256 ನಕ್ಷತ್ರಗಳನ್ನು 32 ಕಿಲೋಬೈಟಿನ ಬಿಬಿಸಿ ಮೈಕ್ರೋ ಕಂಪ್ಯೂಟರಿನಲ್ಲಿ ಹಿಡಿಸಿತ್ತು. ನಕ್ಷತ್ರಗಳ ಪಟ್ಟಿಯ ಬದಲು ಅವು ಹುಟ್ಟುವ ಲೆಕ್ಕವನ್ನು ಅದರಲ್ಲಿ ಬರೆದಿಟ್ಟಿದ್ದರು. ಒಂದು ಸಂಖ್ಯೆಯನ್ನು ಬೀಜವಾಗಿ ಕೊಟ್ಟರೆ ಪ್ರತಿ ಸಲವೂ ಅದೇ ಆಕಾಶ ಮೂಡುತ್ತಿತ್ತು. ಗಣಿತದ ಮಾಸ್ತರನಿಗೆ ಇದಕ್ಕಿಂತ ಬೇರೆ ಸುಖ ಏನು ಬೇಕು?

ಎರಡನೆಯ ಕತೆ, ಆ ಬೀಜದ ಜಾಗದಲ್ಲಿ ಹಾಡನ್ನು ಇಟ್ಟದ್ದು. ಜಪಾನಿನ ಮಸಾಯಾ ಮತ್ಸುವುರಾ ಅವರ ತಂಡ 1999ರಲ್ಲಿ ಪ್ಲೇಸ್ಟೇಷನ್ನಿಗಾಗಿ 'ವಿಬ್-ರಿಬ್ಬನ್' ತಂದಿತು. ಕಪ್ಪು ಪರದೆ, ಒಂದು ಬಿಳಿ ಗೆರೆ, ಗೆರೆಯ ಮೇಲೆ ನಡೆಯುವ ಒಂದು ಮೊಲ. ಗೇಮ್ ಮೆಮೊರಿಗೆ ಇಳಿದ ಮೇಲೆ ಅದರ ಡಿಸ್ಕ್ ತೆಗೆದು ಮನೆಯಲ್ಲಿರುವ ಯಾವುದೇ ಹಾಡಿನ ಸಿಡಿ ಹಾಕಿದರೆ ಗೆರೆ ಆ ಹಾಡಿನಂತೆ ಕುಣಿಯುತ್ತದೆ, ಗುಂಡಿಯಾಗುತ್ತದೆ, ಸುತ್ತಿಕೊಳ್ಳುತ್ತದೆ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 2012ರಲ್ಲಿ ತನ್ನ ಸಂಗ್ರಹಕ್ಕೆಂದು ಆರಿಸಿದ 14 ವಿಡಿಯೊ ಗೇಮುಗಳಲ್ಲಿ ಇದೂ ಇತ್ತು. ಡಿಲನ್ ಫಿಟರರ್ ಅವರ 'ಆಡಿಯೊಸರ್ಫ್' 2008ರಲ್ಲಿ ಬಂತು. ಹಾಡು ಉಗ್ರವಾದಾಗ ರಸ್ತೆ ಇಳಿಯುತ್ತದೆ, ಶಾಂತವಾದಾಗ ಏರುತ್ತದೆ. ನಮ್ಮ ಹುಡುಗ ತನ್ನ ಏರಿಳಿತದ ಉಪಾಯ ಕಲಿತದ್ದು ಅಲ್ಲಿಂದಲೇ. 2015ರ 'ಕ್ರಿಪ್ಟ್ ಆಫ್ ದಿ ನೆಕ್ರೋಡ್ಯಾನ್ಸರ್' ಗೇಮಿನಲ್ಲಿ ನೆಲಮಾಳಿಗೆಯನ್ನು ಯಂತ್ರ ಕಟ್ಟುತ್ತದೆ, ಹೆಜ್ಜೆಯನ್ನು ಮಾತ್ರ ನೀವು ಹಾಡಿನ ಪೆಟ್ಟಿಗೆ ಸರಿಯಾಗಿ ಇಡಬೇಕು. ಮಾಲ್ಟಾ ವಿಶ್ವವಿದ್ಯಾಲಯದವರು 'ಸೊನಾನ್ಸಿಯಾ' ಎಂದು ದೆವ್ವದ ಮನೆಯ ಗೇಮ್ ಮಾಡಿ, ಆಟಗಾರನ ಎದೆಬಡಿತ ಎಲ್ಲಿ ಏರಬೇಕೆಂಬ ಗೆರೆಯನ್ನು ಮೊದಲು ಎಳೆದು, ಕೋಣೆಗಳನ್ನೂ ಸದ್ದುಗಳನ್ನೂ ಆ ಗೆರೆಗೆ ಹೊಂದಿಸಿದರು. ಎಲ್ಲವೂ ಚೆಂದದ ಕೆಲಸಗಳೇ.

ಆದರೆ ಹಾಡು ಹಾಕಿ ಆಡುವ ಈ ಗೇಮುಗಳು ಹಾಡನ್ನು ಕೇಳುವ ಬಗೆ ಹೆಚ್ಚುಕಡಿಮೆ ಒಂದೇ ಎಂದು ತೋರುತ್ತದೆ. ಧ್ವನಿಯನ್ನು ಕಣ್ಣು ಮಿಟುಕಿಸುವುದಕ್ಕಿಂತ ಸಣ್ಣ ಚೂರುಗಳಾಗಿ ಕತ್ತರಿಸಿ, ಒಂದೊಂದು ಚೂರನ್ನೂ ಫೂರಿಯೇ ಲೆಕ್ಕಕ್ಕೆ ಹಾಕಿ, ಯಾವ ಕಂಪನ ಎಷ್ಟಿದೆ ಎಂದು ನೋಡುವುದು. ಶಕ್ತಿ ಥಟ್ಟನೆ ಏರಿದಲ್ಲಿ ಪೆಟ್ಟು ಬಿತ್ತು ಎಂದುಕೊಳ್ಳುವುದು. ಪೆಟ್ಟುಗಳ ನಡುವಿನ ಅಂತರದಿಂದ ಲಯ ಊಹಿಸುವುದು. ನಿಮ್ಮಲ್ಲಿ ಹಲವರು ಬಳಸುವ ಲಿಬ್ರೋಸಾ ಲೈಬ್ರರಿಯಲ್ಲಿ ಬೀಟ್ ಹುಡುಕುವ ಲೆಕ್ಕ ಶುರುವಾಗುವುದೇ ನಿಮಿಷಕ್ಕೆ 120 ಪೆಟ್ಟು ಇರಬಹುದೆಂಬ ಊಹೆಯಿಂದ. ಡ್ಯಾನ್ಸ್ ಹಾಡಿಗೆ ಅದು ಸರಿಯೇ. ವಿಲಂಬಿತ ಏಕತಾಳದಲ್ಲಿ 12 ಮಾತ್ರೆಗಳ ಒಂದು ಆವರ್ತನ ಮುಗಿಯಲು ಒಂದು ನಿಮಿಷದ ಹತ್ತಿರ ಹೋಗಬಹುದು. ಅಂದರೆ ನಿಮಿಷಕ್ಕೆ 12, 15 ಮಾತ್ರೆ. 120ರ ಸುತ್ತ ಹುಡುಕುವವನ ಕೈಗೆ ಅದು ಹೇಗೆ ಸಿಕ್ಕೀತು? ಮೀಂಡಿನಲ್ಲಂತೂ ಪೆಟ್ಟೇ ಇಲ್ಲ, ಸ್ವರ ಜಾರುತ್ತದೆ. ಹಿಂದೆ ತಂಬೂರಿ ಬಿಡದೆ ಮಿಡಿಯುತ್ತಿರುತ್ತದೆ. ಪೆಟ್ಟನ್ನೇ ಹುಡುಕುವ ಕಿವಿಗೆ ಇದು ಖಾಲಿ ಬಯಲು.

ಈಗ ನನ್ನ ಮುಖ್ಯ ಮಾತು. ಪೆಟ್ಟು ಬಿಟ್ಟು ಆವರ್ತನ ಹುಡುಕಿ. ತೀನತಾಳ ತಗೊಳ್ಳಿ. 16 ಮಾತ್ರೆ, ನಾಲ್ಕು ನಾಲ್ಕರ ನಾಲ್ಕು ವಿಭಾಗ. ಆವರ್ತನ ಶುರುವಾಗುವ ಒಂದನೆಯ ಮಾತ್ರೆ ಸಮ್, ಒಂಬತ್ತನೆಯದು ಖಾಲಿ. ಖಾಲಿಯ ಆಸುಪಾಸಿನಲ್ಲಿ ಎಡಗೈಯ ಡಗ್ಗಾದ ಗುಂಕಾರ ನಿಂತು ಬರೀ ಬಲಗೈಯ ದಾಯಾ ಮಾತಾಡುತ್ತದೆ. ಕೆಳಗಿನ ಕಂಪನಗಳ ಪಟ್ಟಿಯಲ್ಲಿ ಈ ಗೈರುಹಾಜರಿ ಎದ್ದು ಕಾಣುತ್ತದೆ. ನಮ್ಮ ಹುಡುಗನ ಲ್ಯಾಪ್‌ಟಾಪಿನಲ್ಲಿ ನಾನೇ ತೀನತಾಳದ ಠೇಕಾ ಬಾರಿಸಿ ನೋಡಿದ್ದೇನೆ, ಕಂಪನಗಳ ಚಿತ್ರದಲ್ಲಿ ನೆರಳು ತೆರವಾದ ಜಾಗ ಕಣ್ಣಿಗೇ ಕಾಣುತ್ತಿತ್ತು. ಸಮ್ಮಿನಲ್ಲಿ ಆಟಗಾರ ಕಾಲೂರುವ ಗಟ್ಟಿ ನೆಲವಿರಲಿ, ಖಾಲಿಯಲ್ಲಿ ನೆಲ ತೆಳುವಾಗಲಿ. ಆಗ ಕಣ್ಣಿಗೆ ಏನೂ ತೋರಿಸದೆಯೂ ಆಡುವವನಿಗೆ ತಾನು ಆವರ್ತನದ ಯಾವ ಕಡೆ ಇದ್ದೇನೆಂದು ಗೊತ್ತಾಗುತ್ತ ಹೋಗುತ್ತದೆ.

ತಿಹಾಯಿ ಇನ್ನೂ ಸೊಗಸು. ಒಂದೇ ತುಣುಕನ್ನು ಮೂರು ಸಲ ಬಾರಿಸಿ, ಕೊನೆಯ ಪೆಟ್ಟನ್ನು ಸರಿಯಾಗಿ ಸಮ್ಮಿನ ಮೇಲೆ ಇಳಿಸುವುದು. ಮೂರು ಮಾತ್ರೆಯ ತುಣುಕನ್ನು ತೀನತಾಳದ ಒಂಬತ್ತನೇ ಮಾತ್ರೆಯಿಂದ ಎತ್ತಿಕೊಳ್ಳಿ: 9, 10, 11, 12, 13, 14, 15, 16, ಮತ್ತೆ 1. ಸಮ್ ಬಂತು. ಈ ಲೆಕ್ಕವನ್ನು ನಾನು ತರಗತಿಯಲ್ಲಿ ಮಾಡ್ಯುಲೋ ಕಲಿಸಲು ಬಳಸುತ್ತಿದ್ದೆ, ಪಠ್ಯದಲ್ಲಿ ಇಲ್ಲದಿದ್ದರೂ. ಗೇಮ್ ಕಟ್ಟುವವರು ಆಟಗಾರನಿಗೆ ಹೊಸ ಜಿಗಿತ ಕಲಿಸಲು ಎಷ್ಟು ಒದ್ದಾಡುತ್ತೀರಿ! ತಿಹಾಯಿ ಆ ಕೆಲಸವನ್ನು ತಾನೇ ಮಾಡುತ್ತದೆ. ಮೊದಲ ಸಲ ಜಿಗಿತ ಎಂಥದೆಂದು ತೋರಿಸುತ್ತದೆ, ಎರಡನೇ ಸಲ ಕಾಲು ಹೊಂದಿಸಿಕೊಳ್ಳಲು ಬಿಡುತ್ತದೆ, ಮೂರನೆಯದರಲ್ಲಿ ಇಳಿಯಲೇಬೇಕು.

ಇನ್ನೊಂದು ಸಂಗತಿಯನ್ನು ನಿಮ್ಮ ಪೈಕಿ ಯಾರೂ ನನಗೆ ಹೇಳಲಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ಹಾಡು ಮೊದಲೇ ಕೈಯಲ್ಲಿದ್ದರೆ ಅದನ್ನು ಪೂರ್ತಿ ಅಳೆದು ರಸ್ತೆ ಹಾಕಬಹುದು. ಎದುರಿಗೆ ಕೂತು ಯಾರೋ ಹಾಡುತ್ತಿದ್ದರೆ? ಮುಂದೇನು ಬರುತ್ತದೆಂದು ತಿಳಿಯದೆ ಯಂತ್ರ ಮುಂದಿನ ದಾರಿ ಕಟ್ಟುವುದು ಹೇಗೆ? ಬೇರೆ ಸಂಗೀತಗಳಲ್ಲಿ ಇದು ಕಷ್ಟದ ಪ್ರಶ್ನೆ ಇರಬಹುದು. ನಮ್ಮಲ್ಲಿ ತಾಳ ತಿರುಗಿ ಬಂದೇ ಬರುತ್ತದೆ. ಏನು ಹಾಡುತ್ತಾರೆಂದು ಗೊತ್ತಿಲ್ಲದಿದ್ದರೂ ಮುಂದಿನ ಸಮ್ ಯಾವಾಗ ಎಂದು ಒಂದೆರಡು ಆವರ್ತನ ಕೇಳಿದ ಯಾರಾದರೂ ಹೇಳಬಲ್ಲರು. ಯಂತ್ರ ಆ ಸಮ್ಮಿನ ತನಕ ನೆಲವನ್ನು ಮುಂಗಡ ಹಾಸಿಟ್ಟು, ನಡುವಿನ ಏರಿಳಿತವನ್ನು ಹಾಡಿದಂತೆ ತುಂಬಿಕೊಳ್ಳಲಿ. ಗುಡಿಯ ಭಜನೆ ನಡೆದಿರುವಾಗಲೇ ಮೂಲೆಯಲ್ಲಿ ಕೂತ ಹುಡುಗಿ ಅದರ ಮೇಲೆ ಗೇಮ್ ಆಡುವಂತಾಗಬೇಕು. ಕೆಹರವಾದ ಎಂಟು ಮಾತ್ರೆಯಿಂದ ಶುರುಮಾಡಿ, ಅದು ಸುಲಭ.

ರಾಗದ ಮಾತು ಸ್ವಲ್ಪ ಬಿಗಿ. ಭೂಪ ಮತ್ತು ದೇಶಕಾರ ಎರಡಕ್ಕೂ ಅವೇ ಐದು ಸ್ವರ: ಸ ರಿ ಗ ಪ ಧ. ಯಾವ ಸ್ವರ ಇದೆ, ಯಾವುದು ಇಲ್ಲ ಎಂದಷ್ಟೇ ನೋಡುವ ಕೋಡು ಎರಡಕ್ಕೂ ಒಂದೇ ಲೆವೆಲ್ ಕಟ್ಟುತ್ತದೆ. ಕೇಳುವವರಿಗೆ ಅವೆರಡೂ ಬೇರೆಯೇ ಹೊತ್ತು, ಬೇರೆಯೇ ಮನೆ. ಭೂಪ ಸಂಜೆಯದು, ಗಾಂಧಾರದ ಸುತ್ತ ಬಳಸುತ್ತ ಸಪ್ತಕದ ಕೆಳ ಅರ್ಧದಲ್ಲಿ ನೆಲೆಸುತ್ತದೆ. ದೇಶಕಾರ ಮುಂಜಾನೆಯದು, ಧೈವತದ ಮೇಲೆ ನಿಲ್ಲುತ್ತದೆ, ಮೇಲಿನ ಷಡ್ಜದ ಕಡೆಗೇ ಅದರ ಕಣ್ಣು. ಎತ್ತರ ತಗ್ಗುಗಳಿರುವ ಗೇಮಿನಲ್ಲಿ ಇದನ್ನು ತೋರಿಸುವುದು ಎಷ್ಟು ಸಲೀಸು ಯೋಚಿಸಿ. ಒಂದರಲ್ಲಿ ದಾರಿ ತಳದ ಅಂಕಣದಲ್ಲಿ ತಿರುಗಿ ತಿರುಗಿ ಬರುತ್ತದೆ, ಇನ್ನೊಂದರಲ್ಲಿ ಅಟ್ಟದ ಮೇಲೇ ಓಡಾಟ. ಐದು ಮೆಟ್ಟಿಲು ಅವೇ. ನಡೆಯುವ ಬಗೆಯಿಂದ ರಾಗ ಗುರುತಿಸುವುದನ್ನು ಒಬ್ಬ ಹುಡುಗ ಗೇಮ್ ಆಡುತ್ತ ಆಡುತ್ತ ಕಲಿತುಬಿಟ್ಟರೆ ಎಂಥ ಮಾತು!

ಇದಕ್ಕೆಲ್ಲ ಮೊದಲಿನಿಂದ ನೆಲ ಅಗೆಯಬೇಕಾಗಿಲ್ಲ. ಬಾರ್ಸಿಲೋನಾದ ಪೊಂಪೇವು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಶಾವಿಯೇರ್ ಸೆರಾ ಅವರು ನಡೆಸಿದ 'ಕಾಂಪ್‌ಮ್ಯೂಸಿಕ್' ಯೋಜನೆ 2011ರಿಂದ ಹಿಂದೂಸ್ತಾನಿ, ಕರ್ನಾಟಕ ಸಂಗೀತಗಳನ್ನು ಕಂಪ್ಯೂಟರಿಗೆ ಕೇಳಿಸುವ ಕೆಲಸವನ್ನೇ ಮಾಡಿತು. ಮದ್ರಾಸಿನ ಐಐಟಿಯವರೂ ಅದರಲ್ಲಿದ್ದರು. ಅಲ್ಲಿಂದ ಹೊರಬಂದ 'ಸರಾಗಾ' ಸಂಗ್ರಹದಲ್ಲಿ ಧ್ವನಿಮುದ್ರಣದ ಜೊತೆಗೆ ಸಮ್ ಎಲ್ಲೆಲ್ಲಿ ಬೀಳುತ್ತದೆ ಎಂದು ಗುರುತು ಹಾಕಿ ಇಟ್ಟಿದ್ದಾರೆ. ಅದೇ ವಿಶ್ವವಿದ್ಯಾಲಯದ ಧ್ವನಿ ಅಳೆಯುವ 'ಎಸೆನ್ಷಿಯಾ' ಲೈಬ್ರರಿ ಎಲ್ಲರಿಗೂ ತೆರೆದಿದೆ. ಅಷ್ಟು ದೂರದವರು ನಮ್ಮ ಸಮ್ಮನ್ನು ಅಷ್ಟು ಶ್ರದ್ಧೆಯಿಂದ ಎಣಿಸಿ ಇಟ್ಟಿರುವಾಗ ನಾವು 120ರ ಊಹೆಯಲ್ಲೇ ಕೂತಿರುವುದು ನನಗಂತೂ ನಾಚಿಕೆ ಅನ್ನಿಸುತ್ತದೆ.

ಖಯಾಲ್ ಬೇಡ, ಅದು ಬಲ್ಲವರ ಸಂಗೀತ ಎನ್ನುತ್ತೀರಾ? ಸರಿ, ಕಣಕ್ಕೆ ಬನ್ನಿ. ಮೇಟಿಗೆ ಹಂತಿ ಕಟ್ಟಿ ರಾತ್ರಿಯಿಡೀ ಎತ್ತು ತಿರುಗಿಸಿ ಜೋಳ ತುಳಿಸುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯರು ಹಂತಿ ಪದ ಹಾಡುತ್ತಿದ್ದರು. ಎತ್ತಿನ ನಡಿಗೆಯೇ ಲಯ. ಹಾಡು ಜಗ್ಗಿದರೆ ಎತ್ತು ನಿಧಾನ, ಹಾಡು ಚುರುಕಾದರೆ ಎತ್ತು ಚುರುಕು, ದಾರಿ ಯಾವಾಗಲೂ ಮೇಟಿಯ ಸುತ್ತ. ರಾಶಿ ಮಷಿನ್ ಬಂದ ಮೇಲೆ ಕಣವೂ ಹೋಯಿತು, ಪದ ಬಲ್ಲವರೂ ಕಡಿಮೆಯಾದರು. ಮೊಹರಮ್ಮಿನ ಹೆಜ್ಜೆ ಮೇಳ ಇನ್ನೂ ಗಟ್ಟಿ ಇದೆ. ಹಲಗಿಯ ಪೆಟ್ಟು ಬದಲಾದಂತೆ ಹೆಜ್ಜೆ ಬದಲಾಗುತ್ತದೆ, ನಡುವೆ ರಿವಾಯತ್ ಪದ. ಹಿಂದೂ ಮುಸಲ್ಮಾನರೆನ್ನದೆ ಊರ ಹುಡುಗರೆಲ್ಲ ಅದರಲ್ಲಿ ಹೆಜ್ಜೆ ಹಾಕುತ್ತಾರೆ. ಪೆಟ್ಟು ಹುಡುಕುವ ನಿಮ್ಮ ಈಗಿನ ಕೋಡಿಗೂ ಹಲಗಿ ಚೆನ್ನಾಗಿ ಕೇಳಿಸೀತು. ಬೇಕಾದುದು ಹೆಜ್ಜೆ ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಯಾವ ಪೆಟ್ಟಿಗೆ ಯಾವ ಹೆಜ್ಜೆ ಎಂದು ಕೇಳುವ ತಾಳ್ಮೆ.

ಧ್ವನಿಮುದ್ರಣವೇ ಇಲ್ಲದೆ ಮಾಡಬಹುದಾದ ಒಂದು ಗೇಮನ್ನೂ ಹೇಳುತ್ತೇನೆ, ಇದು ನನ್ನ ಪ್ರೀತಿಯ ಹುಚ್ಚು. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಭಾರತ ಬರೆದನೆಂದು ನಾವೆಲ್ಲ ನಂಬಿದ್ದೇವೆ. ಅವನ ಭಾಮಿನಿ ಷಟ್ಪದಿಯ ಕಟ್ಟು ನೋಡಿ. 1, 2, 4, 5ನೇ ಸಾಲುಗಳಲ್ಲಿ ಮೂರು ನಾಲ್ಕು ಮೂರು ನಾಲ್ಕು ಮಾತ್ರೆಯ ಗಣಗಳು, 14 ಮಾತ್ರೆ. 3 ಮತ್ತು 6ನೇ ಸಾಲುಗಳಲ್ಲಿ ಅದೇ ಮೂರು-ನಾಲ್ಕು ಮೂರು ಸಲ, ಕೊನೆಗೊಂದು ಗುರು, 23 ಮಾತ್ರೆ. ಒಂದು ಪದ್ಯಕ್ಕೆ ಒಟ್ಟು 102. ಲಘುವಿಗೆ ಒಂದು, ಗುರುವಿಗೆ ಎರಡು. ಹೈಸ್ಕೂಲಿನ ಮಕ್ಕಳು ಪರೀಕ್ಷೆಗೆ ಪ್ರಸ್ತಾರ ಹಾಕುವುದು ಇದನ್ನೇ, ಬಹಳ ಮಂದಿ ಬೈದುಕೊಂಡು ಹಾಕುತ್ತಾರೆ. ಕೋಡಿನಲ್ಲಿ ಇದು ಒಂದು ಸಂಜೆಯ ಕೆಲಸ. ಮಗು ತಾನೇ ಆರು ಸಾಲು ಬರೆದು ಒಳಗೆ ಹಾಕಲಿ. ಛಂದಸ್ಸು ಕೂಡಿದಲ್ಲಿ ಸೇತುವೆ ಬೀಳಲಿ, ಮಾತ್ರೆ ತಪ್ಪಿದಲ್ಲಿ ಹಳ್ಳ. ತನ್ನ ಪದ್ಯದ ಮೇಲೆ ತಾನೇ ನಡೆದು ಹಳ್ಳಕ್ಕೆ ಬಿದ್ದವಳು ಆ ಗಣವನ್ನು ತಿದ್ದದೆ ಬಿಡುತ್ತಾಳೆಯೇ?

ಹಾಡು ಎಲ್ಲಿಂದ ತರಬೇಕು ಎನ್ನುವುದು ನಿಮ್ಮ ಮುಂದಿನ ಪ್ರಶ್ನೆ ಇರಬಹುದು. ಉತ್ತರಕ್ಕೆ ಮೊದಲು ಒಂದು ಕತೆ. ಭೀಮಸೇನ ಜೋಶಿಯವರು 1922ರ ಫೆಬ್ರವರಿ 4ರಂದು ಹುಟ್ಟಿದ್ದು ನಮ್ಮ ತಾಲೂಕಿನ ರೋಣದಲ್ಲಿ. ಹುಡುಗನಾಗಿದ್ದಾಗ ಅಬ್ದುಲ್ ಕರೀಂ ಖಾನರ ಒಂದು ಗ್ರಾಮಫೋನ್ ಪ್ಲೇಟು ಕೇಳಿ ಹುಚ್ಚು ಹಿಡಿದು, 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೊರಟರು. ಉತ್ತರದಲ್ಲಿ ಗ್ವಾಲಿಯರ್, ಜಾಲಂಧರ್ ಎಂದು ಅಲೆದು, ಕೊನೆಗೆ ಆ ಖಾನರ ಶಿಷ್ಯರೇ ಆದ ಸವಾಯಿ ಗಂಧರ್ವರ ಹತ್ತಿರ ಕುಂದಗೋಳಕ್ಕೆ ಬಂದು ಮುಟ್ಟಿದರು. ಮೂರು ನಿಮಿಷದ ಪ್ಲೇಟೊಂದು ಒಬ್ಬ ಹುಡುಗನಿಗೆ ಅಷ್ಟು ದೊಡ್ಡ ದಾರಿ ಹಾಕಿಕೊಟ್ಟಿತು. ನಿಮಗೆ ನಾನು ಹೇಳುವುದು ಆ ಪ್ಲೇಟುಗಳ ಬಗ್ಗೆಯೇ. 78 ಆರ್‌ಪಿಎಂ ಪ್ಲೇಟಿನ ಒಂದು ಬದಿ ಸುಮಾರು ಮೂರು ನಿಮಿಷ. ಹಾಡುವವರು ಅಷ್ಟರಲ್ಲೇ ರಾಗವನ್ನು ಬಿಚ್ಚಿ, ತಾನ್ ಹೊಡೆದು, ಮುಗಿಸಲೇಬೇಕಿತ್ತು. ಒಂದು ಲೆವೆಲ್ಲಿಗೆ ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1930ರ ದಶಕದ ಖಾನ್‌ಸಾಹೇಬರ, ಸವಾಯಿ ಗಂಧರ್ವರ ಪ್ಲೇಟುಗಳು ಆ ಗಡುವನ್ನು ದಾಟಿ ಬಹಳ ಕಾಲವಾಯಿತು. ಹೊಸದಾಗಿ ತಿದ್ದಿ ಬಿಡುಗಡೆ ಮಾಡಿದ ಪ್ರತಿ ಬಳಸುವ ಮೊದಲು ಮಾತ್ರ ಬಲ್ಲ ವಕೀಲರನ್ನು ಒಮ್ಮೆ ಕೇಳಿ.

ಜನಪದರ ವಿಷಯದಲ್ಲಿ ಕಟ್ಟುನಿಟ್ಟಾಗಿ ಹೇಳುತ್ತೇನೆ. ಹಂತಿ ಪದ ಹಾಡುವ ಮುದುಕರ, ಚೌಡಿಕೆ ಹಿಡಿದ ಜೋಗತಿಯರ, ಭಜನಿ ಮೇಳದವರ ಧ್ವನಿ ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿ ನಿಮ್ಮ ಗೇಮಿಗೆ ಹಾಕಿಕೊಳ್ಳಬೇಡಿ. ಊರ ಹಾಡಿಗೆ ಒಡೆಯರಿಲ್ಲ ಎಂದು ಓದಿದವರು ಹೇಳುವುದನ್ನು ಕೇಳಿದ್ದೇನೆ. ಹಾಡಿಗೆ ಇಲ್ಲದಿರಬಹುದು, ಹಾಡಿದ ಗಂಟಲಿಗೆ ಒಡೆಯ ಎದುರಿಗೇ ಕೂತಿರುತ್ತಾನೆ. ಮೊದಲೇ ಮಾತಾಡಿ, ಕಾಗದ ಮಾಡಿ, ಅಂದೇ ದುಡ್ಡು ಕೊಡಿ, ಹೆಸರನ್ನು ಗೇಮಿನ ಮೊದಲ ಪರದೆಯಲ್ಲಿ ಕನ್ನಡದಲ್ಲಿ ಹಾಕಿ. ಗೇಮ್ ದುಡಿದರೆ ಪಾಲೂ ಕೊಡಿ.

ಇನ್ನೊಂದು ಕೋರಿಕೆ, ನನಗೆ ಎಲ್ಲಕ್ಕಿಂತ ಹತ್ತಿರದ್ದು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಿಮಗೆ ಪರಿಚಯಿಸಬೇಕಿಲ್ಲ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಅವರ ಬಳಿಕ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು, ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಅನ್ನ ಹಾಕಿ ಸಂಗೀತ ಕಲಿಸಿದ ಜಾಗ ಅದು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ಹೋದರು. ನನಗೆ ತಬಲಾ ಕಲಿಸಿದ ಮಾಸ್ತರರೂ ಕಣ್ಣಿಲ್ಲದವರು. ಅವರು ತಾಳ ಹಿಡಿದಿರುವಾಗ ಪಕ್ಕದಲ್ಲಿ ಯಾರೋ ಎದ್ದು ಹೋದರೆ ಯಾವ ಮಾತ್ರೆಯಲ್ಲಿ ಎದ್ದರು ಎಂದು ಹೇಳುತ್ತಿದ್ದರು. ಅಂಥವರಿಗೆ ನಿಮ್ಮ ಗೇಮ್ ಏನು ಕೊಡುತ್ತದೆ? ಹಾಡೇ ದಾರಿ ಕಟ್ಟುತ್ತದೆ ಎಂದು ಹೇಳಿಕೊಳ್ಳುತ್ತೀರಿ. ಹಾಡೇ ದಾರಿ ಕಟ್ಟಿದ್ದಾದರೆ ಕಣ್ಣು ಮುಚ್ಚಿಯೂ ಆ ದಾರಿಯಲ್ಲಿ ನಡೆಯಲು ಬರಬೇಕು. ಬರದಿದ್ದರೆ ನಿಮ್ಮ ಲೆವೆಲ್ಲು ಹಾಡಿನಿಂದ ಹುಟ್ಟಿಲ್ಲ, ಹಾಡು ಬರೀ ಮೇಲೆ ಬಳಿದ ಬಣ್ಣ ಎಂದು ನಾನು ಲೆಕ್ಕ ಹಾಕುತ್ತೇನೆ.

ಕಿವಿಯಿಂದಲೇ ಆಡುವ ಗೇಮುಗಳು ಹೊಸವಲ್ಲ. ಜಪಾನಿನ ಕೆಂಜಿ ಎನೊ 1997ರಲ್ಲೇ ಪರದೆಯ ಮೇಲೆ ಚಿತ್ರವಿಲ್ಲದೆ ಸದ್ದಿನಲ್ಲೇ ನಡೆಯುವ ಒಂದು ಗೇಮನ್ನು ಸೆಗಾ ಸ್ಯಾಟರ್ನ್ ಯಂತ್ರಕ್ಕೆ ಮಾಡಿಕೊಟ್ಟಿದ್ದರು. ಲಂಡನ್ನಿನಲ್ಲಿ 2010ರಲ್ಲಿ 'ಪಾಪಾ ಸಾಂಗ್ರೆ' ಬಂತು, ಫ್ರಾನ್ಸಿನಲ್ಲಿ 2015ರಲ್ಲಿ 'ಎ ಬ್ಲೈಂಡ್ ಲೆಜೆಂಡ್'. ಎರಡೂ ಫೋನಿನಲ್ಲಿ, ಇಯರ್‌ಫೋನ್ ಹಾಕಿಕೊಂಡು ಆಡುವಂಥವು. ಅವುಗಳಲ್ಲಿ ಸದ್ದು ಜಾಗ ತೋರಿಸುತ್ತದೆ: ಎಡಕ್ಕೆ ಹೆಜ್ಜೆ ಸಪ್ಪಳ, ಬಲಕ್ಕೆ ಕತ್ತಿ. ನಿಮ್ಮ ಗೇಮಿನಲ್ಲಿ ತಾಳ ಹೊತ್ತು ತೋರಿಸಲಿ, ರಾಗ ಎತ್ತರ ತೋರಿಸಲಿ. ಮೊದಲ ಕರಡು ತಯಾರಾದಾಗ ಪರದೆ ಆರಿಸಿ, ಸಂಗೀತ ಬಲ್ಲ ಅಂಧ ವಿದ್ಯಾರ್ಥಿಗಳ ಕೈಗೆ ಫೋನ್ ಕೊಡಿ. ಅವರ ಹಿರಿಯರ ಅನುಮತಿ ಕೇಳಿ, ಅವರ ಸಮಯಕ್ಕೂ ಸಂಭಾವನೆ ಕೊಡಿ. ಸಮ್ ಎಲ್ಲಿ ತಪ್ಪಿದೆ ಎಂದು ನಿಮ್ಮ ಯಾವ ಪರೀಕ್ಷಕರಿಗಿಂತಲೂ ಬೇಗ ಹೇಳುತ್ತಾರೆ, ಮುಲಾಜಿಲ್ಲದೆ ಹೇಳುತ್ತಾರೆ.

ಇದಕ್ಕೆಲ್ಲ ಮಾರುಕಟ್ಟೆ ಇಲ್ಲ ಎಂದು ನಿಮ್ಮಲ್ಲೊಬ್ಬರು ನನಗೆ ಅಂದಿದ್ದರು. ಇಲ್ಲದಿರಬಹುದು, ನನಗೆ ಮಾರುಕಟ್ಟೆ ತಿಳಿಯದು. ಗೆರೆಯ ಮೇಲೆ ಮೊಲ ನಡೆಸಿದವರಿಗೂ ಅದರ ಬಗ್ಗೆ ಖಾತ್ರಿ ಇತ್ತೆಂದು ನನಗನ್ನಿಸುವುದಿಲ್ಲ. ನೆರವು ಹುಡುಕುವುದಾದರೆ, ಕರ್ನಾಟಕ ಸರ್ಕಾರ ಆನಿಮೇಷನ್ ಮತ್ತು ಗೇಮಿಂಗಿಗೆಂದು 2012ರಲ್ಲೇ ನೀತಿ ಮಾಡಿತ್ತು, 2024ರಿಂದ 2029ರವರೆಗಿನದು ಈಗ ಜಾರಿಯಲ್ಲಿದೆ. ಅದರಡಿ ಅರ್ಜಿ ಹಾಕುವ ಕಾಗದದ ಕೆಲಸ ನಿಮಗೆ ಬೇಸರವಾದರೆ ನನಗೆ ಕಳಿಸಿ; ಸರ್ಕಾರಿ ಅರ್ಜಿ ತುಂಬುವುದರಲ್ಲಿ ಮಾಸ್ತರರನ್ನು ಮೀರಿಸುವವರಿಲ್ಲ.

ಗೇಮ್ ನಮ್ಮ ಮಕ್ಕಳ ಕೈಗೆ ಬರುವುದು ಮಾತ್ರ ಅಪ್ಪನ ಹಳೆಯ ಫೋನಿನಲ್ಲಿ, ರಾತ್ರಿ ಊಟದ ಮೇಲೆ ಅರ್ಧ ತಾಸು. ಅಷ್ಟರಲ್ಲಿ ನಡೆಯುವಂತೆ ಕಟ್ಟಿ. ನೆಟ್‌ವರ್ಕ್ ಇಲ್ಲದಿದ್ದರೂ ತೆರೆಯಲಿ. ಹಾಡನ್ನು ಅಳೆಯುವ ಕೆಲಸ ಫೋನಿನ ಒಳಗೇ ಆಗಲಿ, ದೂರದ ಸರ್ವರಿಗೆ ಕಳಿಸಬೇಡಿ. ಆಡುವ ಮೊದಲು ದುಡ್ಡು ಕೇಳಬೇಡಿ, ನಡುವೆ ರಮ್ಮಿಯ ಜಾಹೀರಾತು ಬಿಡಬೇಡಿ. ಸಮ್ ಹುಡುಕುವ ನಿಮ್ಮ ಕೋಡನ್ನು ಗೇಮ್ ಕಟ್ಟುವ ಗೊಡೋ ಎಂಜಿನ್ನಿನವರಂತೆ ಎಲ್ಲರಿಗೂ ತೆರೆದಿಟ್ಟರೆ ರೋಣದ ಕಾಲೇಜಿನ ಹುಡುಗಿಯೊಬ್ಬಳು ಅದನ್ನು ಎತ್ತಿಕೊಂಡು ದೊಡ್ಡಾಟದ ಮದ್ದಲಿಗೆ ಹೊಂದಿಸಿಯಾಳು.

ನಮ್ಮ ಕಡೆಯಿಂದ ಕೊಡುವುದಕ್ಕೆ ತಬಲಾ ಇದೆ, ಕೆಹರವಾ ದಾದರಾದಿಂದ ಹಿಡಿದು ಝಪತಾಳ ಏಕತಾಳದ ತನಕ ಬೇಕಾದ ಲಯದಲ್ಲಿ ಠೇಕಾ ಬಾರಿಸಿ ಕೊಡುತ್ತೇನೆ, ಪ್ರತಿ ಸಮ್ಮಿಗೂ ಖಾಲಿಗೂ ಕೈಯಾರೆ ಗುರುತು ಹಾಕಿ. ಅದಕ್ಕೆ ನನಗೆ ದುಡ್ಡು ಬೇಡ. ಮೇಳದವರಿಗೆ ಮಾತ್ರ ಕೊಡಲೇಬೇಕು. ಹೆಸರುಕಾಳಿನ ರಾಶಿ ಮುಗಿದು ಹಿಂಗಾರಿ ಬಿತ್ತನೆ ಶುರುವಾಗುವ ಮೊದಲು ಊರಲ್ಲಿ ಎಲ್ಲರಿಗೂ ತುಸು ಬಿಡುವಿರುತ್ತದೆ. ಆಗ ಒಳ್ಳೆಯ ಮೈಕೊಂದನ್ನು, ಎರಡು ಹಳೆಯ ಫೋನುಗಳನ್ನು ತೆಗೆದುಕೊಂಡು ಬನ್ನಿ. ಯಾವಾಗ ಬರುತ್ತೀರೆಂದು ಎಂಟು ದಿನ ಮೊದಲು ತಿಳಿಸಿದರೆ ಭಜನಿ ಮೇಳದವರಿಗೂ ಹೆಜ್ಜೆ ಮೇಳದವರಿಗೂ ಹೇಳಿಟ್ಟಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕ, ಭಜನಿ ಮೇಳದ ತಬಲಾದವ
ಬೆಳವಣಕಿ